ಒಡ್ಡಿನ ಮೇಲೆ ನಡೆದು ಹೋದವನು

ಆ ಸಿನಿಮಾದಲ್ಲಿ ನಾನೂ ಇದ್ದೇನೆ. ತಲೆಗೆ ಮುಂಡಾಸು, ಕೈಯಲ್ಲೊಂದು ಕಂದೀಲು. ನಾಯಕ ಕಾರಿನಿಂದ ಇಳಿದು ದಾರಿ ಕೇಳಿದಾಗ ‘ಕತ್ತಲಾದ ಮೇಲೆ ಆ ಕೆರೆಯ ಕಡೆ ಹೋಗಬೇಡಿ ಸ್ವಾಮಿ’ ಎಂದು ಹೇಳಿ, ಬೇಕಾದ್ದಕ್ಕಿಂತ ಹೆಚ್ಚೇ ಹೊತ್ತು ಕಣ್ಣರಳಿಸಿಕೊಂಡು ನಿಲ್ಲುವ ಕಾವಲುಗಾರ ನಾನೇ. ಮಾತು ನನ್ನದು, ದನಿ ನನ್ನದಲ್ಲ. ಅದನ್ನು ಮದ್ರಾಸಿನಲ್ಲಿ ಬೇರೆ ಯಾರೋ ಹೇಳಿ ಸೇರಿಸಿದರಂತೆ. ಈ ಸಂಗತಿಯನ್ನು ಮುಂದೆ ಮತ್ತೆ ಹೇಳಬೇಕಾಗುತ್ತದೆ.

ಕಳೆದ ಮಳೆಗಾಲದಲ್ಲಿ ಕಾರವಾರದ ಮಗಳ ಮನೆಯಲ್ಲಿ ಕೆಲವು ದಿನ ಇದ್ದೆ. ಅಲ್ಲಿಗೆ ಅಳಿಯನ ತಮ್ಮ ಪ್ರಜ್ವಲ ತನ್ನ ಗೆಳೆಯರನ್ನು ಕರೆದುಕೊಂಡು ಬಂದಿದ್ದ. ಅವನಿಗೆ ಬ್ಯಾಂಕಿನಲ್ಲಿ ಕೆಲಸ. ಮಳೆಯಿಂದಾಗಿ ಸಮುದ್ರದ ಕಡೆ ಹೋಗುವಂತಿರಲಿಲ್ಲ. ಹುಡುಗರು ಟಿವಿಯಲ್ಲಿ ಒಂದು ಹಳೆಯ ಸಿನಿಮಾ ಹಾಕಿಕೊಂಡು ಕೂತರು. ಪರದೆಯ ಮೇಲೆ ಹೆಸರು ಬಂತು. ‘ಕಪ್ಪುನೀರಿನ ಕನ್ಯೆ.’ ಆ ಹೆಸರನ್ನು ಇನ್ನು ಯಾರೂ ನೆನಪಿಡುವುದಿಲ್ಲ ಎಂಬ ಧೈರ್ಯದಲ್ಲಿ ನಾನು ಮುದುಕನಾಗಿದ್ದೆ.

ಈಗ ಅದಕ್ಕೊಂದು ದೊಡ್ಡ ಬಳಗವೇ ಇದೆಯಂತೆ. ಯಾರೋ ಹಳೆಯ ರೀಲು ಹುಡುಕಿ, ಅದರ ಗೀರುಗಳನ್ನು ತೆಗೆದು, ಬೆಳಕು ಹೆಚ್ಚಿಸಿ ಎಲ್ಲರಿಗೂ ಸಿಗುವ ಹಾಗೆ ಹಾಕಿದ್ದಾರೆ. ಪ್ರಜ್ವಲ ಅದನ್ನು ಎಷ್ಟು ಸಲ ನೋಡಿದ್ದಾನೋ. ಮುಂದಿನ ಮಾತನ್ನು ಪಾತ್ರಗಳಿಗಿಂತ ಮೊದಲೇ ಹೇಳುತ್ತಿದ್ದ. ಹುಡುಗರು ನಗುತ್ತಿದ್ದರು, ಮತ್ತು ಅದು ನಗುವಂಥ ಸಿನಿಮಾವೇ. ಜಮೀನುದಾರನ ಮನೆಯವರು ಸೊಸೆಯನ್ನು ಕೆರೆಗೆ ದೂಡುತ್ತಾರೆ, ಅವಳು ದೆವ್ವವಾಗಿ ಏಳುತ್ತಾಳೆ. ಎದ್ದ ದೆವ್ವದ ಕೈಯಲ್ಲಿ ವಾಚಿದೆ. ಕೊಲೆಯ ನಡುವೆ ಅಡುಗೆಯವನ ಹಾಸ್ಯ ಬರುತ್ತದೆ. ಹೆಣ ಮನೆಯಲ್ಲಿರುವಾಗಲೇ ನಾಯಕ ನಾಯಕಿ ಯಾವುದೋ ಹೂದೋಟದಲ್ಲಿ ಹಾಡುತ್ತಾರೆ. ಅದರ ರಾತ್ರಿಗಳೂ ವಿಚಿತ್ರ. ಎಲ್ಲ ನೀಲಿಯಾಗಿರುತ್ತದೆ, ಆದರೆ ಎಲ್ಲರ ನೆರಳೂ ಅವರವರ ಕಾಲ ಬುಡದಲ್ಲೇ ಬಿದ್ದಿರುತ್ತದೆ. ನಾನು ಬಂದಾಗ ಎಲ್ಲರಿಗಿಂತ ಜೋರಾಗಿ ನಕ್ಕರು. ಆ ಮೀಸೆಯ ಹಿಂದೆ ಯಾರಿದ್ದಾರೆಂದು ಅವರಿಗೆ ತಿಳಿಯಲಿಲ್ಲ.

ಆಮೇಲೆ ಒಬ್ಬೊಬ್ಬರೇ ಸುಮ್ಮನಾದರು. ಪ್ರಜ್ವಲ ಎದ್ದು ಕೋಣೆಯ ದೀಪ ಆರಿಸಿದ.

ಬಿಳಿ ಸೀರೆಯ ನಾಯಕಿ ನೀರಿನ ನಡುವೆ ನಿಂತಿದ್ದಾಳೆ. ಮೊಣಕಾಲಿಗಿದ್ದ ನೀರು ಸೊಂಟಕ್ಕೆ ಏರುತ್ತಿದೆ. ಅವಳು ಬಾಯಿ ತೆರೆದಾದ ಮೇಲೆ ಚೀರಾಟ ಕೇಳುತ್ತದೆ. ಅವಳ ಹಿಂದೆ, ದೂರದಲ್ಲಿ, ನೀರಿಗೂ ಆಕಾಶಕ್ಕೂ ನಡುವಿನ ಕಪ್ಪು ಗೆರೆಯ ಮೇಲೆ ಒಬ್ಬ ಮನುಷ್ಯ ಎಡದಿಂದ ಬಲಕ್ಕೆ ನಡೆದು ಹೋಗುತ್ತಾನೆ. ಅವನ ಕೈಯಲ್ಲಿ ದೀಪವಿಲ್ಲ. ನಾಯಕಿಯನ್ನು ನೋಡುವುದಿಲ್ಲ, ನಮ್ಮನ್ನೂ ನೋಡುವುದಿಲ್ಲ. ಒಂದು ಕಡೆ ನಿಲ್ಲುತ್ತಾನೆ, ಬಗ್ಗುತ್ತಾನೆ. ಮತ್ತೆ ಏಳುವುದಿಲ್ಲ. ನಾಯಕಿ ಇನ್ನೂ ಚೀರುತ್ತಿರುತ್ತಾಳೆ. ಕತೆಯಲ್ಲಿ ಮುಂದೆ ಆ ಮನುಷ್ಯನ ಸುದ್ದಿಯೇ ಇಲ್ಲ.

ಪ್ರಜ್ವಲ ಅದನ್ನು ಹಿಂದಕ್ಕೆ ತಂದು ಮತ್ತೊಮ್ಮೆ ಹಾಕಿದ. ಅವನು ಯಾರೆಂಬ ಬಗ್ಗೆ ಸಾವಿರ ವಾದಗಳಿವೆಯೆಂದು ನನಗೆ ವಿವರಿಸಿದ. ಕೊಲೆಯಾದ ಸೊಸೆಯ ಅಪ್ಪ ಎನ್ನುವವರಿದ್ದಾರೆ. ಯಮ ಎನ್ನುವವರಿದ್ದಾರೆ. ಚಿತ್ರೀಕರಣದ ದಿನ ಯಾರೂ ಅಲ್ಲಿರಲಿಲ್ಲ, ಅದು ನಿಜವಾದ ದೆವ್ವ ಎನ್ನುವವರೇ ಹೆಚ್ಚು.

“ಇಡೀ ಸಿನಿಮಾ ಹಾಳ್ ಬಿದ್ದದೆ ಮಾವ,” ಎಂದ. “ಆದ್ರೂ ಇದೊಂದಕ್ಕೆ ಮತ್ತೆ ಮತ್ತೆ ನೋಡ್ತೇವೆ. ಯಾಕೆ ಗೊತ್ತದ್ಯಾ? ಎಲ್ರೂ ನಟನೆ ಮಾಡ್ತಾ ಇದ್ದಾರೆ. ಅವ ಒಬ್ಬ ಮಾತ್ರ ಮಾಡ್ತಾ ಇಲ್ಲ.”

ಅವನ ಹೆಸರು ಹೊನ್ನಪ್ಪ. ನಮ್ಮ ಹಟ್ಟಿಕೇರಿಯ ಗಜನಿ ಗದ್ದೆಯ ಹಲಗೆ ಇಳಿಸಲು ಹೋಗುತ್ತಿದ್ದಾನೆ. ಅದು ರಾತ್ರಿಯಲ್ಲ, ಮಾಳಯ ಅಮಾವಾಸ್ಯೆಯ ಹಗಲು. ಹಲಗೆ ಎತ್ತಿದವನು ನಾನು.

ಇದನ್ನು ಅಂದು ಹುಡುಗರಿಗೆ ಹೇಳಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ನಿಂತೆ. ಗಟಾರದಲ್ಲಿ ನೀರು ನುಗ್ಗುವ ಸದ್ದು ಬರುತ್ತಿತ್ತು. ನಲವತ್ತು ವರ್ಷಗಳಿಂದ ಆ ಸದ್ದು ಎಲ್ಲಿ ಕೇಳಿದರೂ ನಾನು ಅಲ್ಲಿಂದ ಸರಿದುಹೋಗುವವನು. ಅಂದು ಹೋಗಲು ಜಾಗವಿರಲಿಲ್ಲ.

ಗಜನಿ ಎಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮಲ್ಲಿ ಹೊಳೆ ಸಮುದ್ರ ಸೇರುವ ಕಡೆ ಗದ್ದೆಗಳು ಉಬ್ಬರದ ನೀರಿಗಿಂತ ತಗ್ಗಿನಲ್ಲಿವೆ. ಸುತ್ತ ಮಣ್ಣಿನ ಒಡ್ಡು ಕಟ್ಟಿ ಉಪ್ಪುನೀರನ್ನು ತಡೆಯುತ್ತೇವೆ. ಒಡ್ಡಿನಲ್ಲಿ ಒಂದು ಬಾಯಿ. ಅದರ ಎರಡು ಕಡೆ ಕಲ್ಲಿನ ಕಂಬ, ಕಂಬದಲ್ಲಿ ಗಾಡಿ, ಎಂದರೆ ಉದ್ದನೆಯ ಸೀಳು, ಕೊರೆದು ಒಂದರ ಮೇಲೊಂದು ಇಳಿಸಿದ ಹಲಗೆಗಳು. ಇಳಿತದಲ್ಲಿ ಹಲಗೆ ಎತ್ತಿ ಮಳೆಯ ನೀರನ್ನು ಹೊರಗೆ ಬಿಡುವುದು, ಉಬ್ಬರ ಏರುವ ಮೊದಲು ಇಳಿಸಿ ಮುಚ್ಚುವುದು. ಮಳೆಗಾಲವಿಡೀ ಇದೇ ಕೆಲಸ. ಒಳಗೆ ಬೆಳೆಯುವುದು ಕಗ್ಗ ಭತ್ತ. ಅದು ಸ್ವಲ್ಪ ಉಪ್ಪನ್ನು ತಡೆಯುತ್ತದೆ. ಗೊಬ್ಬರ ಬೇಡ, ಕಳೆ ಕೀಳುವುದು ಬೇಡ. ಕೊಯ್ಲಿಗೆ ಮಾತ್ರ ಸೊಂಟದ ನೀರಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದು ದೋಣಿಗೆ ತುಂಬಬೇಕು. ಗದ್ದೆ ಹಲವು ಮನೆಗಳದು, ಬಾಯಿ ಒಂದೇ. ಹಾಗಾಗಿ ಎಲ್ಲರೂ ಸೇರಿ ಹಲಗೆಗೆ ಇಬ್ಬರನ್ನು ನೇಮಿಸುತ್ತಿದ್ದರು. ಒಬ್ಬನೇ ಹಲಗೆ ಮುಟ್ಟಬಾರದು ಎಂಬುದು ಹಿರಿಯರ ಕಟ್ಟಳೆ. ನೀರು ನುಗ್ಗುವಾಗ ಒಬ್ಬ ಹಲಗೆ ತುಳಿದರೆ ಇನ್ನೊಬ್ಬ ಅವನ ಸೊಂಟದ ಹಗ್ಗ ಹಿಡಿದು ನಿಲ್ಲಬೇಕು.

ಆ ವರ್ಷ ಹಲಗೆಗೆ ನೇಮಿಸಿದ ಇಬ್ಬರು ಹೊನ್ನಪ್ಪ ಮತ್ತು ನಾನು. ಅವನು ನನಗಿಂತ ಹಿರಿಯ. ಹೊನ್ನಣ್ಣ ಎಂದೇ ಕರೆಯುತ್ತಿದ್ದೆ, ಅವನ ಹೆಂಡತಿ ಸಣ್ಣಮ್ಮ ನನಗೆ ಅತ್ತಿಗೆಯಿದ್ದ ಹಾಗೆ. ನನಗೆ ಮೂವತ್ತರ ಒಳಗಿನ ವಯಸ್ಸು. ಅಂಕೋಲೆಯ ಹೈಸ್ಕೂಲಿನಲ್ಲಿ ಮೆಟ್ರಿಕ್ ಪಾಸಾಗಿದ್ದೆ, ಊರ ನಾಟಕಗಳಲ್ಲಿ ಪಾರ್ಟು ಮಾಡುತ್ತಿದ್ದೆ. ನನ್ನಂಥವನು ಕೆಸರಿನಲ್ಲಿ ಇರತಕ್ಕವನಲ್ಲ ಎಂಬ ಒಂದು ಎಣಿಕೆ ಮನಸ್ಸಿನಲ್ಲಿ ಯಾವಾಗಲೂ ಇತ್ತು.

ಆ ಸಲ ಆಷಾಢದ ಮಳೆ ಬಿಡದೆ ಹೊಡೆಯಿತು. ಒಡ್ಡಿನ ಎರಡು ಕಡೆ ಕುಸಿದು, ನಾವು ಮಳೆಯಲ್ಲೇ ತೆಂಗಿನ ಸೋಗೆ, ಮಣ್ಣು ಹೊತ್ತು ಮುಚ್ಚಿದೆವು. ಬಟ್ಟೆ ಒಣಗಿದ ದಿನವಿಲ್ಲ. ಬೆರಳ ಸಂದಿಯಲ್ಲಿ ಹುಣ್ಣಾಗಿ ಹೊನ್ನಣ್ಣ ಕುಂಟಿಕೊಂಡೇ ನಡೆಯುತ್ತಿದ್ದ. ಆದರೆ ಅದೇ ಮಳೆ ಗದ್ದೆಯ ಉಪ್ಪನ್ನೆಲ್ಲ ತೊಳೆದು ಹಾಕಿತು. ಚೌತಿಯ ಹೊತ್ತಿಗೆ ಕಗ್ಗ ಸೊಂಟದೆತ್ತರ ನಿಂತಿತ್ತು. ಹಿಂದಿನ ಎರಡು ವರ್ಷ ಬೆಳೆ ಕೈಕೊಟ್ಟಿತ್ತು, ಜನ ದಿನಾ ಸಂಜೆ ಸುಮ್ಮನೆ ಒಡ್ಡಿಗೆ ಬಂದು ಅದನ್ನು ನೋಡಿ ಹೋಗುತ್ತಿದ್ದರು.

ಚೌತಿ ಕಳೆದ ಮೇಲೆ ಸಿನಿಮಾದವರು ಬಂದರು. ಪಕ್ಕದ ಅವರ್ಸಾದಲ್ಲಿ ಒಂದು ಹಳೆಯ ಮನೆ ಬಾಡಿಗೆಗೆ ಹಿಡಿದರು. ಊರಲ್ಲಿ ಚಂದದ ಕನ್ನಡ ಮಾತಾಡುವವನು ಯಾರೆಂದು ಕೇಳಿದಾಗ ನನ್ನನ್ನು ತೋರಿಸಿದರು. ಜಾಗ ತೋರಿಸುವುದು, ದೋಣಿ ಗೊತ್ತುಮಾಡುವುದು, ಎಳನೀರು ತರಿಸುವುದು ನನ್ನ ಕೆಲಸವಾಯಿತು. ಡೈರೆಕ್ಟರ್ ದುಂಡಗಿನ, ಸಂಭಾವಿತ ಮನುಷ್ಯ, ಯಾವಾಗಲೂ ಗಾಬರಿಯಲ್ಲಿರುತ್ತಿದ್ದ. ಒಂದು ದಿನ ನನ್ನ ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿ, ಕಾವಲುಗಾರನ ಪಾರ್ಟು ನೀವೇ ಮಾಡಿ ಎಂದ. ಮೀಸೆ ಬಿಡಲು ಹೇಳಿದ.

ಆ ಮೀಸೆಯನ್ನು ಹೊನ್ನಣ್ಣ ಸುಮ್ಮನೆ ಬಿಡಲಿಲ್ಲ.

“ಗಣಪು, ಸಿನಿಮಾದವ್ರು ಹೋಪಾಗ ಮೀಸೆ ತಕಂಡ್ ಹೋಗ್ತ್ರಾ, ಇಲ್ಲೇ ಬಿಟ್ಟ್ ಹೋಗ್ತ್ರಾ?” ಎಂದು ಹಲಗೆ ತುಳಿಯುತ್ತ ಕೇಳಿದ. “ಬಿಟ್ಟ್ ಹೋದ್ರೆ ಬೇಲಿಗೆ ಕಟ್ಟುವಾ. ಹಂದಿ ಬರೂದಿಲ್ಲ.”

ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ಹಗ್ಗ ಹಿಡಿದುಕೊಂಡೇ, ಇವನು ಸಾಯುವವರೆಗೂ ಇಲ್ಲೇ ಇರುವವನು ಎಂದುಕೊಂಡೆ.

ಕೊನೆಗೆ ಅವರಿಗೆ ಬೇಕಾದದ್ದು ದೆವ್ವ ಏಳುವ ದೃಶ್ಯ. ನಾಯಕಿ ನಿಂತಿರುವಂತೆಯೇ ಸುತ್ತ ನೀರು ಏರಬೇಕು. ಭಾದ್ರಪದದಲ್ಲಿ ಮಳೆ ಹಿಂದೆಗೆದಿತ್ತು, ಬಿಸಿಲು ಬೀಳುತ್ತಿತ್ತು. ಡೈರೆಕ್ಟರಿಗೆ ಗಜನಿಯನ್ನು ತೋರಿಸಿದವನು ನಾನೇ. ಹಲಗೆ ಎತ್ತಿದರೆ ಉಬ್ಬರದ ನೀರು ತಾನಾಗಿ ಏರುತ್ತದೆಂದು ಹೇಳಿದವನೂ ನಾನೇ. ಅವನು ಒಡ್ಡಿನ ಮೇಲೆ ನಿಂತು ಕೈ ಮುಗಿಯುವಷ್ಟು ಸಂತೋಷಪಟ್ಟ. ಅಲ್ಲಿದ್ದ ಹೊನ್ನಣ್ಣ ನನ್ನ ಕಡೆ ತಿರುಗಿದ.

“ಈಗ ಕಾಳಿಗೆ ಹಾಲು ತುಂಬು ಹೊತ್ತು. ಉಪ್ನೀರು ನಿಂತ್ರೆ ಎಲ್ಲಾ ಜೊಳ್ಳು. ಕೊಯ್ಲಾಗ್ಲಿ, ಆಮೇಲೆ ಬೇಕಾರೆ ಸಮುದ್ರವೇ ಬಿಡುವಾ ಅಂತ್ಹೇಳು ಅವ್ರಿಗೆ.”

ಡೈರೆಕ್ಟರಿಗೆ ಕೊಯ್ಲಿನವರೆಗೆ ಕಾಯುವ ಪುರಸೊತ್ತಿರಲಿಲ್ಲ. ಈ ದೃಶ್ಯ ಇಲ್ಲದಿದ್ದರೆ ಕಾವಲುಗಾರನ ದೃಶ್ಯವನ್ನೂ ಬೇರೆ ಊರಲ್ಲಿ, ಬೇರೆಯವರಿಂದ ಮಾಡಿಸಬೇಕಾದೀತು ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದ. ಅದು ಬೆದರಿಕೆಯಲ್ಲ, ಪಾಪ, ಇದ್ದದ್ದನ್ನೇ ಹೇಳಿದ. ಹೊನ್ನಣ್ಣನ ಮಾತು ನಿಜವೆಂದು ನನಗೆ ಗೊತ್ತಿತ್ತು. ಆದರೂ ಒಂದು ಲೆಕ್ಕ ಹಾಕಿದೆ. ಮೇಲಿನ ಹಲಗೆಗಳನ್ನಷ್ಟೇ ಎತ್ತುವುದು, ಸ್ವಲ್ಪ ಹೊತ್ತು ನೀರು ಬಿಡುವುದು, ಇಳಿತ ಬಂದಾಗ ಬಂದ ನೀರೆಲ್ಲ ಹೊರಗೆ. ಕಗ್ಗಕ್ಕೆ ಅಷ್ಟು ಉಪ್ಪು ಏನು ಮಹಾ. ಅಮಾವಾಸ್ಯೆಯ ಉಬ್ಬರ ಹೇಗಿರುತ್ತದೆಂದು ಗಜನಿಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಬೇಕಾದಾಗ ನಾನು ಅದನ್ನು ಮರೆತೆ.

ಮಾಳಯ ಅಮಾವಾಸ್ಯೆಯನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅಂದು ಮನೆಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ಎಲ್ಲರೂ ಮಿಂದು, ಅಡುಗೆ ಮಾಡಿ, ಕಾಗೆ ಬರುವುದನ್ನು ಕಾಯುತ್ತ ಮನೆಯಲ್ಲೇ ಇರುತ್ತಾರೆ. ಗದ್ದೆಯ ಕಡೆ ಯಾರೂ ಬರುವುದಿಲ್ಲ. ನನ್ನ ಮನೆಯಲ್ಲಿ, ಬೇಗ ಬರುತ್ತೇನೆಂದು ಹೇಳಿ ಹೊರಟೆ.

ಲೈಟಿನ ಹುಡುಗರ ಸಹಾಯದಿಂದ ಹಲಗೆ ಎತ್ತಿದೆ. ನಾನು ನೆನೆಸಿದ್ದಕ್ಕಿಂತ ಒಂದು ಹಲಗೆ ಹೆಚ್ಚೇ ಬಂತು. ನೀರು ಕಂದು ಬಣ್ಣದಲ್ಲಿ, ಎತ್ತು ಬೆದರಿದ ಹಾಗೆ ಒಳಗೆ ನುಗ್ಗಿತು. ಸಿನಿಮಾದವರು ಬಾಯಿಯಿಂದ ದೂರ, ಗದ್ದೆಯ ಇನ್ನೊಂದು ತುದಿಯಲ್ಲಿ ಕ್ಯಾಮರಾ ಇಟ್ಟಿದ್ದರು. ಅದರ ಕಣ್ಣಿಗೊಂದು ನೀಲಿ ಗಾಜು. ಹಗಲಲ್ಲೇ ತೆಗೆದು ಅದನ್ನು ರಾತ್ರಿ ಎಂದು ತೋರಿಸುವ ಉಪಾಯ. ರಾತ್ರಿ ದೀಪ ಹಾಕಿ ತೆಗೆಯುವ ಶಕ್ತಿ ಅವರಿಗಿರಲಿಲ್ಲ. ಇದಾದ ಮೇಲೆ ನನ್ನ ದೃಶ್ಯವಿತ್ತು. ಮುಂಡಾಸು ಕಟ್ಟಿ, ಮುಖಕ್ಕೆ ಬಣ್ಣ ಹಚ್ಚಿ, ಕಂದೀಲು ಕೊಟ್ಟು ನನ್ನನ್ನು ಕ್ಯಾಮರಾದ ಪಕ್ಕ ನಿಲ್ಲಿಸಿದರು. ಅಲ್ಲಾಡಬೇಡಿ, ಬೆವರಿದರೆ ಬಣ್ಣ ಇಳಿಯುತ್ತದೆ ಎಂದರು.

ನಾಯಕಿ ನೀರಿಗಿಳಿದಳು. ತೆನೆಗಳು ಅವಳ ಸುತ್ತ ಮುಳುಗತೊಡಗಿದವು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಆಗ ಒಡ್ಡಿನ ಮೇಲೆ ಹೊನ್ನಣ್ಣ ಕಂಡ.

ಅವನ ಮನೆ ದಿಣ್ಣೆಯ ಮೇಲಿತ್ತು. ಅಂಗಳದಿಂದ ಗದ್ದೆಯಲ್ಲಿ ನೀರು ಹೊಳೆದದ್ದು ಕಂಡಿರಬೇಕು. ಮಿಂದು ಉಟ್ಟ ಬಿಳಿ ಪಂಚೆಯಲ್ಲೇ ಬಂದಿದ್ದ. ಓಡುತ್ತಿರಲಿಲ್ಲ, ಕಾಲಿನ ಹುಣ್ಣಿಗೆ ಓಡುವಂತಿರಲಿಲ್ಲ. ಕುಂಟುತ್ತ, ನೇರವಾಗಿ, ಕೆಲಸಕ್ಕೆ ಹೋಗುವವನ ಹಾಗೆ ನಡೆದ. ಅವನು ಎಲ್ಲಿಗೆ ಹೋಗುತ್ತಿದ್ದಾನೆ ಎಂದು ಅಷ್ಟು ಜನರಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅವನು ಒಬ್ಬನೇ ಇದ್ದಾನೆ, ಹಗ್ಗ ಹಿಡಿಯಬೇಕಾದವನು ಮುಖಕ್ಕೆ ಬಣ್ಣ ಹಚ್ಚಿಕೊಂಡು ಇಲ್ಲಿ ನಿಂತಿದ್ದಾನೆ ಎಂಬುದೂ ಗೊತ್ತಿತ್ತು.

ನಾನು ಕೂಗಲಿಲ್ಲ.

ಕೂಗಿದರೆ ದೃಶ್ಯ ಕೆಡುತ್ತದೆ ಎಂದುಕೊಂಡೆ. ಅದು ಪೂರ್ತಿ ನಿಜವಲ್ಲ. ಅವನನ್ನು ಕಂಡಾಗ ನನ್ನ ಎದೆಯಲ್ಲಿ ಬಂದದ್ದು ಭಯವಲ್ಲ, ಸಮಾಧಾನ. ಸದ್ಯ, ಹೊನ್ನಣ್ಣ ಬಂದ, ಹಲಗೆ ಇಳಿಸುತ್ತಾನೆ, ನಾನು ಹೋಗಬೇಕಾಗಿಲ್ಲ ಎಂಬ ಸಮಾಧಾನ. ಅವನು ನಿಂತ. ಬಗ್ಗಿದ. ಅಷ್ಟರಲ್ಲಿ ಬಣ್ಣದವನು ನನ್ನ ಹಣೆಗೆ ಪೌಡರ್ ಒತ್ತಲು ಅಡ್ಡ ಬಂದ. ಅವನು ಸರಿದ ಮೇಲೆ ಒಡ್ಡಿನ ಮೇಲೆ ಯಾರೂ ಇರಲಿಲ್ಲ. ಮನೆಗೆ ಹೋಗಿರಬೇಕು ಎಂದುಕೊಂಡೆ. ಎಡೆಗೆ ಹೊತ್ತಾಗಿರಬೇಕು ಎಂದುಕೊಂಡೆ. ಆಮೇಲೆ ನನ್ನ ದೃಶ್ಯ ತೆಗೆದರು.

ಎಷ್ಟೋ ವರ್ಷಗಳ ನಂತರ ಯಾರೋ ಮಾತಿನ ನಡುವೆ ಹೇಳಿದರು, ಆ ಕಾಲದಲ್ಲಿ ಅಂಥ ಸಿನಿಮಾಗಳಿಗೆ ಸ್ಥಳದಲ್ಲಿ ದನಿ ಹಿಡಿಯುತ್ತಿರಲಿಲ್ಲ, ಎಲ್ಲವನ್ನೂ ಆಮೇಲೆ ಸೇರಿಸುತ್ತಿದ್ದರು ಎಂದು. ಅಂದರೆ ನಾನು ಗಂಟಲು ಹರಿಯುವಂತೆ ಕೂಗಿದ್ದರೂ ಏನೂ ಕೆಡುತ್ತಿರಲಿಲ್ಲ.

ಇಳಿತದಲ್ಲಿ ಅವನು ಸಿಕ್ಕಿದ. ಬಾಯಿಯ ಒಳಮಗ್ಗುಲಲ್ಲಿ ನೀರು ಕೊರೆದ ಹೊಂಡವಿದೆ, ಅಲ್ಲಿ. ಒಂದು ಹಲಗೆಯನ್ನು ಗಾಡಿಗೆ ಕೂರಿಸಿಬಿಟ್ಟಿದ್ದ. ಇನ್ನೊಂದು ಅವನ ಜೊತೆಗೆ ಹೊಂಡದಲ್ಲಿತ್ತು. ಸಿನಿಮಾದವರು ಆಗಲೇ ಸಾಮಾನು ಕಟ್ಟಿ ಅವರ್ಸಾಕ್ಕೆ ಹೋಗಿದ್ದರು, ಅಂದು ಅವರು ಗದ್ದೆಗೆ ಬಂದದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಮರುದಿನ ಬೆಳಗ್ಗೆ ಊರನ್ನೇ ಬಿಟ್ಟರು. ಅವರಿಗೆ ಈ ಸಾವು ಗೊತ್ತಾಯಿತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.

ಜನ ಸೇರಿದ್ದರು. ಸಣ್ಣಮ್ಮ ಎಡೆಯ ಎಲೆಯನ್ನು ಹಾಗೆಯೇ ಬಿಟ್ಟು ಬಂದಿದ್ದಳು, ಕೈಯಲ್ಲಿ ಅನ್ನ ಅಂಟಿತ್ತು. ಮುಳುಗಿ ಎದ್ದ ತೆನೆಗಳಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಹಲಗೆ ಯಾರು ಎತ್ತಿದರು ಎಂದು ಯಾರೋ ಕೇಳಿದರು. ಬೆಳಗ್ಗೆ ನೋಡಿದಾಗ ಹಲಗೆ ಸರಿಯಾಗಿದ್ದವು ಎಂದು ನಾನು ಹೇಳಿದೆ. ಇನ್ನೊಬ್ಬ, ಅಮಾವಾಸ್ಯೆಯ ಉಬ್ಬರಕ್ಕೆ ಶೆಟ್ಲಿ ಏರುತ್ತದಲ್ಲ ಎಂದ. ಶೆಟ್ಲಿ ಎಂದರೆ ಸೀಗಡಿ. ಕೊಯ್ಲಿನ ಮೊದಲು ಬಾಯಿಗೆ ಬಲೆ ಒಡ್ಡಬಾರದೆಂಬುದು ನಮ್ಮ ಕಟ್ಟಳೆ, ಕದ್ದು ಒಡ್ಡುವವರೂ ಇದ್ದರು. ಆ ಮಾತಿಗೆ ನಾನು ತಲೆ ತಗ್ಗಿಸಿದೆ. ಶೆಟ್ಲಿಯ ಆಸೆಗೆ ಹೊನ್ನಣ್ಣನೇ ಹಲಗೆ ಎತ್ತಿದ ಎಂಬುದಕ್ಕೆ ಅದು ಹೌದು ಎಂದು ಅವರು ತಿಳಿದುಕೊಂಡರು.

ಅಲ್ಲಿಗೇ ನಿಲ್ಲಿಸಿದ್ದರೆ ಇಂದು ಹೇಗೋ ಒಂದು ನೆಪ ಇರುತ್ತಿತ್ತು. ಹದಿಮೂರನೆಯ ದಿನ ಕಳೆದು ಗದ್ದೆಯವರ ಸಭೆಯಾಯಿತು. ಆಗಲೇ ತೆನೆ ಬೆಳ್ಳಗಾಗತೊಡಗಿತ್ತು, ಒತ್ತಿದರೆ ಹಾಲಿಲ್ಲ. ಜೊತೆಗಾರನಾಗಿದ್ದವನು ಹೇಳು ಎಂದು ನನ್ನನ್ನು ಎಬ್ಬಿಸಿದರು. ಹೊನ್ನಣ್ಣ ಸಾಯುವ ಎರಡು ದಿನ ಮೊದಲು ಹಲಗೆಯ ಮಾತು ಎತ್ತಿದ್ದ ಎಂದೆ. ಅದು ನಿಜ. ಎತ್ತಕೂಡದು ಎಂದು ಎತ್ತಿದ್ದ. ಅಷ್ಟನ್ನು ಮಾತ್ರ ಬಿಟ್ಟೆ. ಸುಳ್ಳಿಗೆ ಸತ್ಯದ ಕಟ್ಟಿಗೆಯನ್ನೇ ಬಳಸಿದೆ, ಅದಕ್ಕೇ ಅದು ಅಷ್ಟು ವರ್ಷ ಬಾಳಿತು.

ಸಣ್ಣಮ್ಮನ ಮನೆ ‘ಹಲಗೆ ಎತ್ತಿದವನ ಮನೆ’ಯಾಯಿತು. ಆ ವರ್ಷ ಉಣ್ಣಲು ಭತ್ತವಿಲ್ಲದ ಮನೆಗಳವರೆಲ್ಲ ಅವಳ ಅಂಗಳದ ಮುಂದೆ ನಿಂತು ಹೇಳಬೇಕಾದ್ದನ್ನು ಹೇಳಿಯೇ ಹೋಗುತ್ತಿದ್ದರು. ಸತ್ತವನ ಮೇಲೆ ಸಿಟ್ಟು ತೀರಿಸಲು ಬೇರೆ ಜಾಗವಿರಲಿಲ್ಲ. ಅವಳು ಹಸುಗೂಸು ಮಗಳನ್ನು ಎತ್ತಿಕೊಂಡು ಬೇಲೆಕೇರಿಯ ತವರಿಗೆ ಹೋದಳು. ಒಣಮೀನು ಮಾರಿ ಬದುಕಿದಳು. ಮಗಳಿಗೆ ಬಂದ ಒಂದು ಸಂಬಂಧ, ‘ಯಾವ ಹೊನ್ನಪ್ಪ? ಅವನಾ?’ ಎಂಬಲ್ಲಿಗೆ ಮುರಿದುಬಿತ್ತೆಂದು ಕೇಳಿದೆ. ಕೇಳಿ ಸುಮ್ಮನಿದ್ದೆ.

ಸಿನಿಮಾ ಅಂಕೋಲೆಗೆ ಬಂದಾಗ ನಮ್ಮವರು ನನ್ನನ್ನು ನೋಡಲೆಂದೇ ಹೋದರು. ನಾನು ಒಬ್ಬನೇ ಹೋಗಿ ಹಿಂದೆ ಕೂತೆ. ಪರದೆಯ ಮೇಲೆ ಹೊನ್ನಣ್ಣ ಬಂದಾಗ ಕುರ್ಚಿ ಬಿಟ್ಟು ಏಳುವುದರಲ್ಲಿದ್ದೆ. ಯಾರಿಗೂ ಗುರುತು ಸಿಗಲಿಲ್ಲ. ಆ ರೀಲು ಅಷ್ಟು ಕಪ್ಪಾಗಿತ್ತು, ನೀರು ತುಂಬಿದ ನಮ್ಮ ಗದ್ದೆ ಯಾವುದೋ ಕೆರೆಯ ಹಾಗೆ ಕಾಣುತ್ತಿತ್ತು, ಮನುಷ್ಯ ಬೆರಳಿನಷ್ಟಿದ್ದ. ಅವನು ಬರುವ ಮೊದಲೇ ಗದ್ದೆಯಲ್ಲಿ ನೀರಿತ್ತು ಎಂಬುದಕ್ಕೆ ಆ ದೃಶ್ಯವೇ ಸಾಕ್ಷಿ. ಇಡೀ ಊರು ಟಿಕೆಟ್ಟು ಕೊಂಡು ಆ ಸಾಕ್ಷಿಯನ್ನು ನೋಡಿ, ನನ್ನ ಬೆನ್ನು ತಟ್ಟಿ ಮನೆಗೆ ಹೋಯಿತು.

ಕಾರವಾರದಿಂದ ಬಂದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನಿದ್ದೆ ಬರುತ್ತಿತ್ತು, ಮೊದಲಿನ ಹಾಗೆಯೇ. ಅದೇ ನನಗೆ ಹೇಸಿಗೆಯಾಯಿತು. ಒಂದು ವಾರದ ನಂತರ ಪ್ರಜ್ವಲನಿಗೆ ಫೋನು ಮಾಡಿ, ಆ ಮನುಷ್ಯ ಯಾರೆಂದು ಹೇಳಿದೆ. ಅವನು ಭಾನುವಾರ ಬೈಕು ತಂದ. ಇಬ್ಬರೂ ಬೇಲೆಕೇರಿಗೆ ಹೋದೆವು.

ಸಣ್ಣಮ್ಮ ಮಗಳ ಮನೆಯ ಜಗುಲಿಯಲ್ಲಿ ಒಣಮೀನಿನಿಂದ ಕಸ ಆರಿಸುತ್ತಿದ್ದಳು. ಮಗಳು ಬಾಗಿಲಲ್ಲಿ ನಿಂತಳು. ನಾನು ಇಲ್ಲಿ ಬರೆದ ಕ್ರಮದಲ್ಲೇ ಎಲ್ಲವನ್ನೂ ಹೇಳಿದೆ. ಹೇಳುವಷ್ಟು ಹೊತ್ತೂ ಅವಳ ಕೈ ನಿಲ್ಲಲಿಲ್ಲ.

“ಅವ್ರಿಗೆ ಶೆಟ್ಲಿ ತಿಂದ್ರೆ ಮೈಯೆಲ್ಲ ಗಂದೆ ಏಳ್ತಿತ್ತು,” ಎಂದಳು ಕೊನೆಗೆ. “ಆವಾಗ್ಲೇ ಹೇಳ್ದೆ ನಾ. ಮಾರೂಕೆ ಹಿಡ್ದ ಅಂದ್ರು.”

ಮತ್ತೆ ಸ್ವಲ್ಪ ಹೊತ್ತು ಮೀನು ಆರಿಸಿದಳು.

“ನೀ ನೋಡ್ದ್ಯಾ, ಅವ್ರು ಹೋಗೂದು?”

“ನೋಡ್ದೆ.”

“ಕರೀಲಿಲ್ಲ?”

“ಇಲ್ಲ ಅತ್ತಿಗೆ.”

ಯಾಕೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನಲ್ಲಿ ಸಿನಿಮಾ ಎಂಬ ಒಂದು ಶಬ್ದ ಮಾತ್ರ ಇತ್ತು. ಅವಳು ಕೈ ಒರೆಸಿಕೊಂಡು, ತೋರಿಸು ಎಂದು ಪ್ರಜ್ವಲನಿಗೆ ಹೇಳಿದಳು. ಅವನು ಫೋನು ಹಿಡಿದ. ನಾಯಕಿಯ ಚೀರಾಟ ಬರುತ್ತಲೇ ದನಿ ನಿಲ್ಲಿಸಿಬಿಟ್ಟ. ಮಗಳು ಬಂದು ತಾಯಿಯ ಹೆಗಲಿನ ಮೇಲಿಂದ ಬಗ್ಗಿದಳು. ತಿಳಿವು ಬಂದ ಮೇಲೆ ತಂದೆಯನ್ನು ಅವಳು ನೋಡಿದ್ದು ಅದೇ ಮೊದಲು.

“ಬಲಗಾಲು ನೋಡು,” ಎಂದು ಸಣ್ಣಮ್ಮ ಮಗಳಿಗೆ ಹೇಳಿದಳು. “ಆ ಕಾಲಿಗೇ ಹುಣ್ಣು. ಮೊದ್ಲು ಉಂಡ್ಕಂಡ್ ಹೋಗಿ ಅಂದೆ. ಎಡೆ ಆಗ್ದೆ ಹೆಂಗೆ ಉಂಬೂದು ಅಂದ್ರು.”

ಅವನು ಬಗ್ಗುವ ಹೊತ್ತಿಗೆ ಅವಳು ಕೈಯನ್ನು ಪರದೆಗೆ ಅಡ್ಡ ಹಿಡಿದಳು. ಬಗ್ಗುವ ಮೊದಲೇ ನಿಲ್ಲಿಸು ತಮ್ಮ ಎಂದು ಹೇಳಿ, ಅಲ್ಲಿಯವರೆಗಿನದ್ದನ್ನೇ ಮತ್ತೆ ಮತ್ತೆ ಹಾಕಿಸಿದಳು. ಇದನ್ನು ಯಾರು ಯಾರು ನೋಡುತ್ತಾರೆ ಎಂದು ಕೇಳಿದಳು. ಬಹಳ ಜನ ನೋಡುತ್ತಾರೆ, ಇದನ್ನು ದೆವ್ವ ಅಂದುಕೊಂಡಿದ್ದಾರೆ ಎಂದು ಪ್ರಜ್ವಲ ತಡವರಿಸಿದ.

“ಊರವ್ರು ಕಳ್ಳ ಅಂದ್ರು,” ಎಂದಳು. “ನೀವು ದೆವ್ವ ಅಂತ್ರಿ. ಮನ್ಷಾ ಅಂಬವ್ರು ಯಾರೂ ಇಲ್ಲ್ಯಾ?”

ನಾನು ಅವಳ ಕಾಲಿಗೆ ಬೀಳಲು ಹೋದೆ. ಅವಳು ಮೀನಿನ ಬುಟ್ಟಿಯನ್ನು ನಡುವೆ ಸರಿಸಿದಳು. ತನಗೆ ಹೇಳಿದ್ದು ಸಾಲದು, ಎಲ್ಲಿ ಎದ್ದು ನಿಂತು ಹೇಳಿದ್ದೆಯೋ ಅಲ್ಲೇ ಎದ್ದು ನಿಂತು ಹೇಳು ಎಂದಳು. ತಾನು ಬರುವುದಿಲ್ಲ, ಆ ಒಡ್ಡಿಗೆ ಕಾಲಿಡುವುದಿಲ್ಲ ಎಂದಳು.

ಗದ್ದೆಯವರ ಸಭೆ ಈಗಲೂ ವರ್ಷಕ್ಕೊಮ್ಮೆ ಸೇರುತ್ತದೆ. ಬೇಸಾಯ ಮಾಡುವವರು ಕಡಿಮೆ. ಅರ್ಧ ಗಜನಿ ಪಾಳು ಬಿದ್ದಿದೆ, ಬಾಯಿಗೆ ಕಬ್ಬಿಣದ ಬಾಗಿಲು ಬಂದಿದೆ. ಈ ಸಲ ಮಾಳಯ ಅಮಾವಾಸ್ಯೆಯ ಹಿಂದಿನ ಭಾನುವಾರ ಸೇರಿದಾಗ ನಾನು ಎದ್ದು ನಿಂತು ಹೇಳಿದೆ. ಅಂದು ನನ್ನ ಮಾತು ಕೇಳಿದ್ದವರಲ್ಲಿ ಇಬ್ಬರು ಮಾತ್ರ ಅಲ್ಲಿದ್ದರು. ಒಬ್ಬನಿಗೆ ಕಿವಿ ಕೇಳುವುದಿಲ್ಲ, ಅವನ ಮಗ ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಇನ್ನೊಮ್ಮೆ ಹೇಳಿದ. ಆ ಮುದುಕ ಕಟಕಟೆಯಲ್ಲಿ ನಿಂತವನನ್ನು ನೋಡುವ ಹಾಗೆ ನನ್ನನ್ನು ನೋಡಿ, ‘ಆ ವರ್ಷ ನಾನು ಸಣ್ಣಮ್ಮನ ಬಾಗಿಲಿಗೆ ಹೋಗಿ ಉಗಿದು ಬಂದಿದ್ದೆನಲ್ಲೋ’ ಎಂದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಹೊನ್ನಪ್ಪ ಯಾರೆಂದೇ ಗೊತ್ತಿರಲಿಲ್ಲ. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಪ್ರಜ್ವಲನೂ ತನ್ನ ಬಳಗಕ್ಕೆ ಬರೆದು ತಿಳಿಸಿದ. ಹೊನ್ನಪ್ಪನ ಹೆಸರು, ಊರು, ಅವನು ಮಾಡಲು ಹೊರಟಿದ್ದ ಕೆಲಸ, ಎಲ್ಲವನ್ನೂ ಬರೆದ. ಅದನ್ನು ಓದಿ ನೋಡುವವರು ಇನ್ನೂ ಹೆಚ್ಚಾದರಂತೆ. ನಿಜವಾದ ಸಾವು ಎಂದು ತಿಳಿದ ಮೇಲೆ ಅದರ ರುಚಿಯೇ ಬೇರೆಯಾಯಿತಂತೆ. ಕೆಲವರು ಹಟ್ಟಿಕೇರಿಗೆ ಬಂದು ಆ ಬಾಯಿಯ ಹತ್ತಿರ ಬಗ್ಗಿ ನಿಂತು ಫೋಟೋ ತೆಗೆಸಿಕೊಂಡು ಹೋದರು. ಪ್ರಜ್ವಲ ಈಗ ಆ ಸಿನಿಮಾ ನೋಡುವುದಿಲ್ಲ. ನಾನು ಮಾಡಿದ್ದನ್ನು ಸರಿಪಡಿಸಲು ಹೊರಟು ಹೊನ್ನಣ್ಣನನ್ನು ಎರಡನೆಯ ಸಲ ನೀರಿಗೆ ಬಿಟ್ಟೆನೋ ಏನೋ. ಅದಕ್ಕೇ ಇದನ್ನು ಬರೆದೆ. ಆ ಸಿನಿಮಾ ನೋಡುವವರು ಇದನ್ನೂ ಓದಿದರೆ, ಅಲ್ಲಿ ಹೆದರಬೇಕಾದದ್ದು ಕ್ಯಾಮರಾದ ಈಚೆ ನಿಂತಿತ್ತು ಎಂದು ತಿಳಿಯಲಿ.

ಅಮಾವಾಸ್ಯೆಯ ದಿನ ಸಣ್ಣಮ್ಮನಿಗೆ ವರದಿ ಒಪ್ಪಿಸಲು ಬೇಲೆಕೇರಿಗೆ ಹೋದೆ. ಎಡೆಯ ಹೊತ್ತಾಗಿತ್ತು. ಒಳಗಿನಿಂದ ವಡೆಯ, ಪಾಯಸದ ಪರಿಮಳ ಬರುತ್ತಿತ್ತು. ಜಗುಲಿಯ ಕೆಳಗೆ ನಿಂತೇ, ಯಾರು ಬಂದಿದ್ದರು, ಏನು ಹೇಳಿದೆ, ಅವರು ಏನೆಂದರು ಎಂಬುದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಕಿವುಡ ಮುದುಕನ ಮಾತನ್ನು ಮಾತ್ರ ಇನ್ನೊಮ್ಮೆ ಹೇಳಿಸಿದಳು. ಆಮೇಲೆ, ಎಡೆ ಬಡಿಸಲು ಹೊತ್ತಾಯಿತು ಎಂದು ಒಳಗೆ ಹೋದಳು.

ಆ ದಿನ ಬಾಗಿಲಿಗೆ ಬಂದವರು ಯಾರೇ ಆಗಲಿ, ಶತ್ರುವಾದರೂ ಸರಿ, ಉಣ್ಣದೆ ಹೋಗಬಾರದೆಂಬುದು ನಮ್ಮ ಕಡೆಯ ಪದ್ಧತಿ. ಹಿರಿಯರು ಯಾವ ರೂಪದಲ್ಲಿ ಬಂದಿರುತ್ತಾರೋ ಎಂದು. ನಾನು ನಿಂತಿದ್ದೆ. ಮಗಳು ಹೊರಗೆ ಬಂದು ಕಾಗೆಗೆಂದು ಎಲೆಯನ್ನು ಕಟ್ಟೆಯ ಮೇಲಿಟ್ಟು, ನನ್ನ ಕಡೆ ನೋಡದೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಸ್ವಲ್ಪ ಹೊತ್ತಿಗೆ ಕಾಗೆ ಬಂತು. ಅದು ತಿನ್ನುವವರೆಗೆ ನೋಡಿ, ಹಸಿದ ಹೊಟ್ಟೆಯಲ್ಲೇ ಬಸ್ಸಿನ ದಾರಿಗೆ ನಡೆದೆ.